ಸಿಐನಲ್ಲಿ ಯಾವ ಚೆಕ್ ಮೊದಲು, ಯಾವುದು ಆಮೇಲೆ: ನಾಲ್ಕು ದಾರಿಗಳ ಹೋಲಿಕೆ

ಹೊಸ ಟೀಮ್ ಸೇರಿದಾಗ ನಾನು ಮೊದಲು ಗಮನಿಸುವುದು ಸಿಐ (ಹೊಸ ಕೋಡ್ ಬಂದಾಗಲೆಲ್ಲ ಅದನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಕೆಂಪಾದಾಗ, ಅಂದರೆ ಯಾವುದೋ ಚೆಕ್ ಸೋತಾಗ, ಜನ ಏನು ಮಾಡುತ್ತಾರೆ ಅನ್ನುವುದನ್ನು. ಲಾಗ್ ತೆರೆದು ಓದುತ್ತಾರಾ, ಇಲ್ಲ ಸುಮ್ನೆ ರೀ-ರನ್ ಒತ್ತಿ ಕಾಫಿಗೆ ಹೋಗುತ್ತಾರಾ? ಕಾಫಿಗೆ ಹೋದರೆ ಆ ಪೈಪ್‌ಲೈನ್, ಅಂದರೆ ಆ ಚೆಕ್‌ಗಳ ಸರಣಿ, ಆಗಲೇ ಸತ್ತಿದೆ, ಅದರ ಬಿಲ್ ಮಾತ್ರ ಬರುತ್ತಿದೆ.

ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ನಮ್ಮ ಪೈಪ್‌ಲೈನ್ ಮುಗಿಯಲು ನಲವತ್ತು ನಿಮಿಷದ ಮೇಲೆ ಬೇಕಿತ್ತು, ಕೋಡನ್ನು ಓಡಿಸದೆಯೇ ಬರವಣಿಗೆಯ ತಪ್ಪು ಹುಡುಕುವ ಲಿಂಟ್ ಚೆಕ್ ಕಟ್ಟಕಡೆಯಲ್ಲಿತ್ತು. ಅಂದರೆ ಅರ್ಧ ಗಂಟೆಗಿಂತ ಜಾಸ್ತಿ ಕಾದು, ಡೇಟಾಬೇಸ್ ಟೆಸ್ಟು ಬ್ರೌಸರ್ ಟೆಸ್ಟು ಎಲ್ಲ ದಾಟಿ, ಕೊನೆಗೆ ಬಳಸದೇ ಉಳಿದ ಒಂದು ಇಂಪೋರ್ಟ್ ಸಾಲಿಗೆ ಕೆಂಪು ಬೀಳುತ್ತಿತ್ತು. ಯಾಕೆ ಹೀಗೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಳೆಯ ಕಮಿಟ್‌ಗಳನ್ನು (ಉಳಿಸಿಟ್ಟ ಬದಲಾವಣೆಗಳನ್ನು) ನೋಡಿದ ಮೇಲೆ ಗೊತ್ತಾಯಿತು: ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುವ ಕಡೆ, ಏನಾದರೂ ಕೆಟ್ಟಾಗಲೆಲ್ಲ ಯಾರೋ ಒಬ್ಬರು ಫೈಲಿನ ಕೊನೆಗೆ ಒಂದು ಚೆಕ್ ಸೇರಿಸಿದ್ದರು. ಹುಟ್ಟಿದ ಕ್ರಮವೇ ಓಡುವ ಕ್ರಮ ಆಗಿತ್ತು, ಲಿಂಟ್ ಕೊನೇ ಮಗು.

ಹಾಗಾಗಿ ಇದು ಸಿಐ ಅಂದರೇನು ಅನ್ನುವ ಪಾಠ ಅಲ್ಲ. ನಿಮ್ಮ ಹತ್ತಿರ ಚೆಕ್‌ಗಳು ಇವೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇವೆ. ಯಾವುದು ಮೊದಲು ಓಡಬೇಕು, ಯಾವುದು ಮರ್ಜ್, ಅಂದರೆ ಹೊಸ ಕೋಡ್ ಮುಖ್ಯ ಕೋಡಿಗೆ ಸೇರುವುದನ್ನು, ತಡೆಯಬೇಕು, ಯಾವುದನ್ನು ರಾತ್ರಿಗೆ ತಳ್ಳಬಹುದು ಅನ್ನುವುದಷ್ಟೇ ಇಲ್ಲಿನ ವಿಷಯ.

ಶುರು ಮಾಡುವ ಮೊದಲು ಒಂದು ಗೋಜಲು ಬಿಡಿಸಿಕೊಳ್ಳೋಣ. "ಈ ಚೆಕ್ ಯಾವಾಗ ಓಡಬೇಕು" ಒಂದು ಪ್ರಶ್ನೆ, "ಫೇಲ್ ಆದರೆ ಮರ್ಜ್ ನಿಲ್ಲಬೇಕಾ" ಇನ್ನೊಂದು ಪ್ರಶ್ನೆ. ಎರಡನ್ನೂ ಒಂದೇ ಅಂದುಕೊಂಡು ಜಗಳ ಆಡುವ ಮೀಟಿಂಗ್‌ಗಳಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಪಿಆರ್‌ಗೂ (ಪುಲ್ ರಿಕ್ವೆಸ್ಟ್, ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಓಡಿ ಏನನ್ನೂ ತಡೆಯದ ಚೆಕ್ ಇರಬಹುದು. ರಾತ್ರಿ ಒಂದೇ ಸಲ ಓಡಿದರೂ ಮರುದಿನದ ರಿಲೀಸ್ ನಿಲ್ಲಿಸುವ ಚೆಕ್ಕೂ ಇರಬಹುದು.

ದಾರಿ ಒಂದು: ಎಲ್ಲವನ್ನೂ, ಪ್ರತಿ ಪಿಆರ್‌ಗೆ

ಇದನ್ನು ಬೈಯುವುದು ಫ್ಯಾಷನ್, ಆದರೆ ಸಣ್ಣ ಟೀಮಿಗೆ ಇದೇ ಸರಿ. ಮೂರೋ ನಾಲ್ಕೋ ಜನ ಇದ್ದೀರಿ, ಎಲ್ಲ ಟೆಸ್ಟ್ ಸೇರಿ ಎಂಟು ನಿಮಿಷ ಅಂದರೆ, ಎಲ್ಲವನ್ನೂ ಬೇರೆ ಬೇರೆ ಜಾಬ್ ಮಾಡಿ ಒಟ್ಟಿಗೇ ಓಡಿಸಿ, ಈ ಬರಹ ಇಲ್ಲಿಗೇ ಬಿಟ್ಟು ನಿಮ್ಮ ಕೆಲಸಕ್ಕೆ ಹೋಗಿ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಕೆಲಸದ ವಿಧಾನದ ಕಾಲದಿಂದ 10 ನಿಮಿಷದ ಬಿಲ್ಡ್ (ಕೋಡ್ ಕಟ್ಟಿ ಟೆಸ್ಟ್ ಓಡಿಸುವುದು) ಅನ್ನುವ ಮಾತು ಇದೆ, ಅದು ಇವತ್ತಿಗೂ ಒಳ್ಳೆಯ ಗಡಿ. ಹತ್ತು ನಿಮಿಷದೊಳಗೆ ಉತ್ತರ ಬಂದರೆ ಮನಸ್ಸು ಇನ್ನೂ ಆ ಕೋಡಿನಲ್ಲೇ ಇರುತ್ತದೆ. ಅರ್ಧ ಗಂಟೆ ಆದರೆ ಬೇರೆ ಟಿಕೆಟ್ ಹಿಡಿದಿರುತ್ತೀರಿ, ಮತ್ತೆ ವಾಪಸ್ ಬರುವುದೇ ಒಂದು ಕೆಲಸ.

ಎಲ್ಲ ಜಾಬ್ ಒಟ್ಟಿಗೇ ಓಡಿದರೆ ಕ್ರಮದ ಪ್ರಶ್ನೆಯೇ ಇಲ್ಲ, ಅತಿ ನಿಧಾನದ ಜಾಬ್ ಎಷ್ಟು ಹೊತ್ತೋ ಕಾಯುವುದು ಅಷ್ಟೇ ಹೊತ್ತು. ಕೊಡಬೇಕಾದದ್ದು ದುಡ್ಡು. ಅದು ಎಲ್ಲಿ ಕಚ್ಚುತ್ತದೆ ಅಂದರೆ ಐಫೋನ್ ಆ್ಯಪ್ ಮಾಡುವವರಿಗೆ: ಕೋಡ್ ಇಡುವ ತಾಣ ಗಿಟ್‌ಹಬ್‌ನ ಉಚಿತ ಯೋಜನೆಯಲ್ಲಿ ಖಾಸಗಿ ರೆಪೊಗಳಿಗೆ (ಕೋಡ್ ಭಂಡಾರಗಳಿಗೆ) ತಿಂಗಳಿಗೆ 2000 ನಿಮಿಷ ಸಿಗುತ್ತದೆ, ಆದರೆ ಮ್ಯಾಕ್ ರನ್ನರ್‌ನ (ಚೆಕ್ ಓಡಿಸುವ ಯಂತ್ರದ) ಒಂದು ನಿಮಿಷ ಹತ್ತು ನಿಮಿಷವಾಗಿ ಕಳೆಯುತ್ತದೆ. ಅಂದರೆ ಕೈಯಲ್ಲಿರುವುದು ಬರೀ 200 ನಿಮಿಷ. ಇಪ್ಪತ್ತು ನಿಮಿಷದ ಬಿಲ್ಡ್ ಆದರೆ ಹತ್ತು ಸಲ ಪುಶ್ ಮಾಡಿದ (ಕೋಡ್ ಕಳಿಸಿದ) ಮೇಲೆ ತಿಂಗಳು ಮುಗಿಯಿತು! ಅಂಥವರು ಲಿನಕ್ಸ್‌ನಲ್ಲಿ ಓಡಬಹುದಾದದ್ದನ್ನೆಲ್ಲ ಮೊದಲು ಓಡಿಸಿ, ಅದು ಹಸಿರಾದ ಮೇಲೆ ಮ್ಯಾಕ್ ಮುಟ್ಟಬೇಕು.

ಈ ದಾರಿ ಹಿಡಿದರೂ, ಬೇರೆ ಯಾವ ದಾರಿ ಹಿಡಿದರೂ, ಒಂದು ಉಳಿತಾಯ ಪುಕ್ಕಟೆ ಸಿಗುತ್ತದೆ. ಅದೇ ಪಿಆರ್‌ಗೆ ಹೊಸ ಪುಶ್ ಬಂದರೆ ಹಳೆಯ ಓಟ ತಾನಾಗಿ ನಿಲ್ಲುವ ಹಾಗೆ ಮಾಡಿ. ಗಿಟ್‌ಹಬ್‌ನದೇ ಸಿಐ ಆದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಇದಕ್ಕೆ ಕಾನ್‌ಕರೆನ್ಸಿ ಅನ್ನುವ ಸೆಟ್ಟಿಂಗ್ ಇದೆ, ಅದರಂಥದೇ ಇನ್ನೊಂದು ತಾಣ ಗಿಟ್‌ಲ್ಯಾಬ್‌ನಲ್ಲಿ ಇಂಟರಪ್ಟಿಬಲ್. ಮೇನ್ ಬ್ರಾಂಚ್‌ನಲ್ಲಿ (ಎಲ್ಲರ ಕೋಡ್ ಸೇರುವ ಮುಖ್ಯ ಕವಲಿನಲ್ಲಿ) ಮಾತ್ರ ಹೀಗೆ ಮಾಡಬೇಡಿ, ಯಾವ ಕಮಿಟ್ ಕೆಡಿಸಿತು ಅಂತ ಆಮೇಲೆ ಹುಡುಕಲು ಕಷ್ಟ.

ದಾರಿ ಎರಡು: ಹಗುರದ್ದು ಮೊದಲು, ಭಾರದ್ದು ಆಮೇಲೆ

ಎಲ್ಲರೂ ಹೇಳುವ ಸಲಹೆ ಇದು, ಮತ್ತು ಮುಕ್ಕಾಲು ಪಾಲು ಸರಿ. ಆದರೆ ಬರೀ "ಬೇಗ ಮುಗಿಯುವುದು ಮೊದಲು" ಅನ್ನುವುದು ಸಾಲದು. ಎರಡು ಸೆಕೆಂಡಿನಲ್ಲಿ ಮುಗಿಯುವ ಚೆಕ್ ಎರಡು ವರ್ಷದಿಂದ ಒಂದು ಸಲವೂ ಫೇಲ್ ಆಗಿಲ್ಲ ಅಂದರೆ ಅದು ಮೊದಲು ಬಂದು ಏನು ಪ್ರಯೋಜನ? ನೋಡಬೇಕಾದದ್ದು, ಒಂದು ನಿಮಿಷ ಕೊಟ್ಟರೆ ಎಷ್ಟು ತಪ್ಪು ಹಿಡಿದುಕೊಡುತ್ತದೆ ಅನ್ನುವುದನ್ನು.

ಉದಾಹರಣೆಗೆ ಸುಮ್ನೆ ಹೀಗೆ ಅಂದುಕೊಳ್ಳಿ. ಹಿಂದಿನ ನೂರು ಪಿಆರ್‌ಗಳಲ್ಲಿ ಲಿಂಟ್ ಹತ್ತನ್ನು ಹಿಡಿದಿದೆ, ಅದಕ್ಕೆ ಇಪ್ಪತ್ತು ಸೆಕೆಂಡ್ ಸಾಕು. ಅಂಕಿ ಇರಬೇಕಾದಲ್ಲಿ ಪದ ಬಂದಂಥ ತಪ್ಪು ನೋಡುವ ಟೈಪ್ ಚೆಕ್ ಎಂಟನ್ನು ಹಿಡಿದಿದೆ, ಒಂದು ನಿಮಿಷ ಬೇಕು. ಕೋಡಿನ ಸಣ್ಣ ತುಂಡುಗಳನ್ನು ಪರೀಕ್ಷಿಸುವ ಯೂನಿಟ್ ಟೆಸ್ಟ್ ಇಪ್ಪತ್ತನ್ನು ಹಿಡಿದಿದೆ, ಮೂರು ನಿಮಿಷ. ಇಡೀ ಆ್ಯಪನ್ನು ಬ್ರೌಸರ್‌ನಲ್ಲಿ ಓಡಿಸಿ ನೋಡುವ ಬ್ರೌಸರ್ ಟೆಸ್ಟ್ ಐದನ್ನು ಹಿಡಿದಿದೆ, ಇಪ್ಪತ್ತೈದು ನಿಮಿಷ. ನಿಮಿಷದ ಲೆಕ್ಕಕ್ಕೆ ಭಾಗಿಸಿದರೆ ಲಿಂಟ್ 30, ಟೈಪ್ ಚೆಕ್ 8, ಯೂನಿಟ್ ಟೆಸ್ಟ್ 6.7, ಬ್ರೌಸರ್ 0.2. ಯೂನಿಟ್ ಟೆಸ್ಟ್ ಅತಿ ಹೆಚ್ಚು ತಪ್ಪು ಹಿಡಿದರೂ ಟೈಪ್ ಚೆಕ್‌ನ ಹಿಂದೆ ನಿಲ್ಲುತ್ತದೆ, ನೋಡಿ. ಒಂದಾದ ಮೇಲೊಂದು ಓಡಿಸುವಾಗ, ಒಂದು ಚೆಕ್‌ನ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧ ಇಲ್ಲ ಅಂದುಕೊಂಡರೆ, ಮೊದಲ ಕೆಂಪು ಬೇಗ ಕಾಣಲು ಇದೇ ಅತ್ಯುತ್ತಮ ಕ್ರಮ. ನಿಮ್ಮ ಅಂಕಿ ಬೇರೆ ಇರುತ್ತದೆ. ಅದನ್ನು ಊಹಿಸಬೇಡಿ, ಹಿಂದಿನ ಇನ್ನೂರು ಓಟಗಳ ಫಲಿತಾಂಶ ತೆಗೆದು ಎಣಿಸಿ, ಅರ್ಧ ದಿನದ ಕೆಲಸ.

ಈ ದಾರಿಯಲ್ಲಿ ಒಂದು ಹೊಂಡ ಇದೆ, ನಾನೂ ಬಿದ್ದಿದ್ದೇನೆ. ಉತ್ಸಾಹದಲ್ಲಿ ಎಲ್ಲವನ್ನೂ ಮೆಟ್ಟಿಲು ಮಾಡಿಬಿಟ್ಟೆ: ಲಿಂಟ್ ಪಾಸಾದರೆ ಟೈಪ್ ಚೆಕ್, ಅದು ಪಾಸಾದರೆ ಯೂನಿಟ್, ಹೀಗೆ. ಒಂದೇ ವಾರದಲ್ಲಿ ಟೀಮಿನವರು ಬೈಯಲು ಶುರು ಮಾಡಿದರು. ಕಚೇರಿಗೆ ಅರ್ಜಿ ಹಿಡಿದು ಹೋದರೆ ಇವತ್ತು ಆಧಾರ್ ಜೆರಾಕ್ಸ್ ಕೇಳುತ್ತಾರೆ, ಅದನ್ನು ತಂದರೆ ನಾಳೆ ಫೋಟೊ, ನಾಡಿದ್ದು ಇನ್ನೊಂದು ಸಹಿ. ಎಲ್ಲ ಒಂದೇ ಸಲ ಹೇಳಬಾರದಿತ್ತಾ ಅನಿಸುವುದಿಲ್ವಾ? ನನ್ನ ಪೈಪ್‌ಲೈನ್ ಆ ಗುಮಾಸ್ತನ ಹಾಗೆ ಆಗಿತ್ತು. ಲಿಂಟ್ ಸರಿ ಮಾಡಿ ಪುಶ್ ಮಾಡಿದರೆ ಟೈಪ್ ತಪ್ಪು, ಅದನ್ನು ಸರಿ ಮಾಡಿದರೆ ಟೆಸ್ಟ್ ಫೇಲ್.

ಈಗ ನಾನು ಮಾಡುವುದು ಹೀಗೆ: ಲಿಂಟ್, ಟೈಪ್ ಚೆಕ್, ಯೂನಿಟ್ ಟೆಸ್ಟ್ ಮೂರೂ ಜೊತೆಯಲ್ಲೇ ಶುರುವಾಗುತ್ತವೆ, ಒಂದು ಸೋತರೂ ಉಳಿದವು ಪೂರ್ತಿ ಓಡುತ್ತವೆ. ದುಬಾರಿ ಚೆಕ್‌ಗಳು ಮಾತ್ರ ಇವು ಮೂರೂ ಹಸಿರಾಗುವ ತನಕ ಕಾಯುತ್ತವೆ. ಕೋಡ್ ಕಂಪೈಲ್ ಆಗದಿದ್ದರೆ ಮಾತ್ರ ಎಲ್ಲ ನಿಲ್ಲಬೇಕು, ಓಡಿಸಲು ಏನೂ ಇರುವುದಿಲ್ಲವಲ್ಲ. ಇನ್ನೊಂದು ಸಣ್ಣ ವಿಷಯ: ಒಂದೇ ಜಾಬನ್ನು ಹಲವು ಆವೃತ್ತಿಗಳಲ್ಲಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನ ಮ್ಯಾಟ್ರಿಕ್ಸ್‌ನಲ್ಲಿ ಒಂದು ಸೋತರೆ ಉಳಿದವನ್ನು ನಿಲ್ಲಿಸುವ ಫೇಲ್-ಫಾಸ್ಟ್ ನೀವು ಹೇಳದಿದ್ದರೂ ಆನ್ ಇರುತ್ತದೆ. ಐದು ಪೈಥಾನ್ ಆವೃತ್ತಿಗಳಲ್ಲಿ ಓಡಿಸುವಾಗ ಒಂದರಲ್ಲಿ ಮಾತ್ರ ಕೆಟ್ಟಿದೆಯೋ ಐದರಲ್ಲೂ ಕೆಟ್ಟಿದೆಯೋ ಅನ್ನುವುದೇ ಮುಖ್ಯ ಸುಳಿವು, ಆದ್ದರಿಂದ ಅಲ್ಲಿ ಅದನ್ನು ಆಫ್ ಮಾಡಿ.

ದಾರಿ ಮೂರು: ಮುಟ್ಟಿದ ಭಾಗಕ್ಕೆ ಮಾತ್ರ

ಬಿಲ್ಲಿಂಗ್ ಕೋಡ್ ಬದಲಾಯಿಸಿದರೆ ಲಾಗಿನ್ ಟೆಸ್ಟ್ ಯಾಕೆ ಓಡಬೇಕು? ಮೋನೋರೆಪೊ (ಎಲ್ಲ ಪ್ರಾಜೆಕ್ಟ್‌ಗಳ ಕೋಡ್ ಒಂದೇ ರೆಪೊದಲ್ಲಿ) ಇರುವವರಿಗೆ ಈ ಪ್ರಶ್ನೆ ದಿನಾ ಬರುತ್ತದೆ. ಬೇಜಲ್, ಎನ್ಎಕ್ಸ್ ಥರದ ಬಿಲ್ಡ್ ಸಾಧನಗಳು ಯಾವುದು ಯಾವುದರ ಮೇಲೆ ನಿಂತಿದೆ ಅನ್ನುವ ನಕ್ಷೆ ಇಟ್ಟುಕೊಂಡು, ಬದಲಾವಣೆ ತಟ್ಟುವ ಭಾಗವನ್ನಷ್ಟೇ ಓಡಿಸುತ್ತವೆ. ಜಾವಾಸ್ಕ್ರಿಪ್ಟ್‌ನ ಟೆಸ್ಟ್ ಸಾಧನ ಜೆಸ್ಟ್‌ನಲ್ಲಿ ಬದಲಾದ ಫೈಲಿಗೆ ಸಂಬಂಧಿಸಿದ ಟೆಸ್ಟ್ ಹುಡುಕುವ ಸೌಲಭ್ಯ ಇದೆ. ಪೈಥಾನ್‌ನವರಿಗೆ ಪೈಟೆಸ್ಟ್-ಟೆಸ್ಟ್‌ಮಾನ್ ಇದೆ, ಅದು ಯಾವ ಟೆಸ್ಟ್ ಯಾವ ಕೋಡನ್ನು ಮುಟ್ಟಿತು ಅಂತ ಬರೆದಿಟ್ಟುಕೊಳ್ಳುತ್ತದೆ. ಇನ್ನೂ ದೊಡ್ಡವರು ಇದಕ್ಕೆ ಮಷೀನ್ ಲರ್ನಿಂಗ್ ಹಚ್ಚಿದ್ದಾರೆ. ಫೇಸ್‌ಬುಕ್ 2018ರಲ್ಲಿ ಹೇಳಿಕೊಂಡ ಪ್ರಕಾರ, ಹಳೆಯ ಫಲಿತಾಂಶಗಳಿಂದ ಕಲಿತು ಟೆಸ್ಟ್ ಆರಿಸುವ ಅವರ ವ್ಯವಸ್ಥೆ ಕೆಟ್ಟ ಬದಲಾವಣೆಗಳಲ್ಲಿ 99.9% ಗಿಂತ ಹೆಚ್ಚನ್ನು ಹಿಡಿಯುತ್ತಿತ್ತು, ಟೆಸ್ಟಿಂಗ್ ಯಂತ್ರಗಳ ಖರ್ಚು ಅರ್ಧಕ್ಕೆ ಇಳಿದಿತ್ತು.

ಕೇಳಲು ಚಂದ. ಆದರೆ ನಿಮ್ಮ ಕಂಪನಿ ಫೇಸ್‌ಬುಕ್ ಅಲ್ಲ, ನಿಮಗೆ ಕಲಿಯಲು ಅಷ್ಟು ಹಳೆಯ ಫಲಿತಾಂಶವೂ ಇಲ್ಲ. ಮತ್ತೆ ನಕ್ಷೆಗೆ ಕಾಣದ ಸಂಬಂಧಗಳು ಇರುತ್ತವೆ: ಕಾನ್ಫಿಗ್ ಫೈಲ್, ಡೇಟಾಬೇಸ್ ಮೈಗ್ರೇಷನ್ (ಡೇಟಾಬೇಸಿನ ರಚನೆ ಬದಲಾಯಿಸುವುದು), ಡಾಕರ್‌ನ ಬೇಸ್ ಇಮೇಜ್, ಟೈಮ್‌ಝೋನ್, ರೈಲ್ಸ್‌ನಲ್ಲಿ ತಾನಾಗಿ ಲೋಡ್ ಆಗುವ ಕ್ಲಾಸ್‌ಗಳು. ಟೈಪ್ ಇಲ್ಲದ ಭಾಷೆಯಲ್ಲಿ ಬರೆದ ಹಳೆಯ ಕೋಡ್ ನಿಮ್ಮದಾದರೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ. ಗೋ, ಜಾವಾ, ಟೈಪ್‌ಸ್ಕ್ರಿಪ್ಟ್ ಆಗಿದ್ದು ಪ್ಯಾಕೇಜ್‌ಗಳು ಸ್ವಚ್ಛವಾಗಿ ಬೇರೆ ಬೇರೆ ಇದ್ದರೆ ಧಾರಾಳವಾಗಿ ಹಿಡಿಯಿರಿ. ಹೇಗಿದ್ದರೂ ಮೇನ್ ಬ್ರಾಂಚ್‌ನಲ್ಲಿ ದಿನಕ್ಕೆ ಒಂದೆರಡು ಸಲವಾದರೂ ಎಲ್ಲ ಟೆಸ್ಟ್ ಓಡಲೇಬೇಕು.

ಬಡವರ ಆವೃತ್ತಿಯೂ ಒಂದಿದೆ. ಬರೀ ಡಾಕ್ಯುಮೆಂಟೇಷನ್ ಬದಲಾದರೆ ಟೆಸ್ಟ್ ಬೇಡ ಅಂತ ಪಾತ್ ಫಿಲ್ಟರ್ ಹಾಕುವುದು. ಇಲ್ಲಿ ಗಿಟ್‌ಹಬ್‌ನ ಒಂದು ಬಲೆ ಇದೆ, ಗೊತ್ತಿಲ್ಲದೆ ಒಂದು ಮಧ್ಯಾಹ್ನ ಪೂರ್ತಿ ಕಳೆದುಕೊಳ್ಳುತ್ತೀರಿ. ಫಿಲ್ಟರ್‌ನಿಂದ ಇಡೀ ವರ್ಕ್‌ಫ್ಲೋ (ಜಾಬ್‌ಗಳ ಗುಂಪು) ಓಡದೇ ಹೋದರೆ, ಅದರಲ್ಲಿರುವ ಕಡ್ಡಾಯ ಚೆಕ್ "ಪೆಂಡಿಂಗ್" ಅಂತಲೇ ಕೂತುಬಿಡುತ್ತದೆ, ಪಿಆರ್ ಮರ್ಜ್ ಆಗುವುದೇ ಇಲ್ಲ. ಅದೇ ಜಾಬ್ ಮಟ್ಟದಲ್ಲಿ ಷರತ್ತು ಹಾಕಿ ಜಾಬನ್ನು ಬಿಟ್ಟುಬಿಟ್ಟರೆ ಅದು ಪಾಸ್ ಅಂತ ಲೆಕ್ಕ. ಪೂರ್ತಿ ಉಲ್ಟಾ ನಡತೆ, ಅಲ್ವಾ? ಅದಕ್ಕೆ ಜನ ಕಂಡುಕೊಂಡ ಉಪಾಯ ಏನೆಂದರೆ, ಕೊನೆಯಲ್ಲಿ ಒಂದೇ ಒಂದು ಬಾಗಿಲಿನಂಥ ಜಾಬ್ ಇಟ್ಟು, ಉಳಿದ ಎಲ್ಲ ಜಾಬ್‌ಗಳ ಫಲಿತಾಂಶ ನೋಡಿ ಹೌದು ಅಥವಾ ಇಲ್ಲ ಹೇಳಿಸುವುದು, ಅದೊಂದನ್ನೇ ಕಡ್ಡಾಯ ಮಾಡುವುದು. ಆ ಜಾಬ್‌ಗೆ "ಆಲ್ವೇಸ್" ಷರತ್ತು ಹಾಕಲು ಮರೆಯಬೇಡಿ. ಮರೆತರೆ, ಮುಂಚಿನ ಜಾಬ್ ಸೋತಾಗ ಬಾಗಿಲಿನ ಜಾಬ್ ಓಡದೇ ಉಳಿಯುತ್ತದೆ, ಓಡದೇ ಉಳಿದದ್ದು ಪಾಸ್ ಅಂತ ಲೆಕ್ಕ ಆಗುತ್ತದೆ, ಸೋತ ಕೋಡ್ ಆರಾಮಾಗಿ ಒಳಗೆ ಹೋಗುತ್ತದೆ.

ದಾರಿ ನಾಲ್ಕು: ಮರ್ಜ್ ಕ್ಯೂ

ಒಬ್ಬರು ಒಂದು ಫಂಕ್ಷನ್ ಹೆಸರು ಬದಲಾಯಿಸಿದರು. ಅದೇ ದಿನ ಇನ್ನೊಬ್ಬರು ಬೇರೆ ಫೈಲಿನಲ್ಲಿ ಆ ಹಳೆಯ ಹೆಸರನ್ನೇ ಕರೆಯುವ ಕೋಡ್ ಬರೆದರು. ಎರಡೂ ಪಿಆರ್ ಹಸಿರು, ಗಿಟ್‌ಗೂ ಏನೂ ಜಗಳ ಕಾಣಲಿಲ್ಲ. ಎರಡೂ ಮರ್ಜ್ ಆದ ಮೇಲೆ ಮೇನ್ ಕೆಂಪು. ಇಂಥದ್ದನ್ನು ತಡೆಯುವುದು ಮರ್ಜ್ ಕ್ಯೂ: ಪಿಆರ್‌ಗಳು ಸಾಲಾಗಿ ನಿಲ್ಲುತ್ತವೆ, ಪ್ರತಿಯೊಂದನ್ನೂ ಸಾಲಿನಲ್ಲಿ ಅದಕ್ಕಿಂತ ಮುಂದೆ ನಿಂತವುಗಳ ಜೊತೆ ಸೇರಿಸಿ ಓಡಿಸಿ, ಹಸಿರಾದರೆ ಮಾತ್ರ ಒಳಗೆ. ಗಿಟ್‌ಲ್ಯಾಬ್‌ನಲ್ಲಿ ಇದು ಮರ್ಜ್ ಟ್ರೇನ್ ಹೆಸರಲ್ಲಿ 2019ರಿಂದ ಇದೆ, ಗಿಟ್‌ಹಬ್‌ನಲ್ಲಿ 2023ರಲ್ಲಿ ಪ್ರಯೋಗದ ಹಂತ ದಾಟಿ ಬಂತು.

ಈ ವಿಚಾರ ಚೆನ್ನಾಗಿ ಪಳಗಿರುವುದು ರಸ್ಟ್ ಭಾಷೆಯ ಪ್ರಾಜೆಕ್ಟ್‌ನಲ್ಲಿ. ರಸ್ಟ್ ಶುರು ಮಾಡಿದ ಗ್ರೇಡನ್ ಹೋರ್ ಇದನ್ನು ರಾಕೆಟ್ ವಿಜ್ಞಾನವೇನಲ್ಲದ ನಿಯಮ ಅಂತ ಕರೆದರು. ಎಲ್ಲ ಟೆಸ್ಟ್ ಪಾಸಾಗುವ ಕೋಡ್ ಮಾತ್ರ ಮುಖ್ಯ ರೆಪೊದಲ್ಲಿ ಇರುವ ಹಾಗೆ ಯಂತ್ರವೇ ನೋಡಿಕೊಳ್ಳಬೇಕು ಅನ್ನುವುದು ಅದರ ಸಾರ. ಆ ಕೆಲಸಕ್ಕೆ ಅಲ್ಲಿ ಬೋರ್ಸ್ ಅನ್ನುವ ಬಾಟ್ ಇದೆ. ನಮಗೆ ಕಲಿಯಲು ಬೇಕಾದದ್ದು ಅವರ ಆದ್ಯತೆಯ ಲೆಕ್ಕ. ಪಿಆರ್ ತೆರೆದಾಗ ಕೆಲವೇ ಜಾಬ್ ಓಡುತ್ತವೆ. ವಿಂಡೋಸ್, ಮ್ಯಾಕ್, ಬೇರೆ ಬೇರೆ ಪ್ರೊಸೆಸರ್ ಎಲ್ಲ ಸೇರಿದ ಹತ್ತಾರು ಜಾಬ್ ಓಡುವುದು ಮರ್ಜ್ ಹೊತ್ತಿಗೆ. ಪೂರ್ತಿ ಓಟಕ್ಕೆ ಗಂಟೆಗಟ್ಟಲೆ ಬೇಕಾಗುವುದರಿಂದ ಅಪಾಯ ಕಡಿಮೆ ಇರುವ ಸಣ್ಣ ಪಿಆರ್‌ಗಳನ್ನು ರೋಲಪ್ ಅಂತ ಒಟ್ಟು ಕಟ್ಟಿ ಒಂದೇ ಸಲ ಓಡಿಸುತ್ತಾರೆ. ಅದಕ್ಕೂ ಮೇಲೆ, ಯಾವ ಪ್ಲಾಟ್‌ಫಾರ್ಮ್‌ಗೆ ಎಷ್ಟು ಭರವಸೆ ಅನ್ನುವುದನ್ನು ಬರೆದಿಟ್ಟಿದ್ದಾರೆ: ಮೊದಲ ದರ್ಜೆಯವು ಓಡುವುದು ಖಾತ್ರಿ, ಎರಡನೇ ದರ್ಜೆಯವು ಬಿಲ್ಡ್ ಆಗುವುದು ಖಾತ್ರಿ, ಮೂರನೇ ದರ್ಜೆಗೆ ಖಾತ್ರಿಯೇ ಇಲ್ಲ. ಎಲ್ಲವೂ ಮುಖ್ಯ ಅನ್ನುವ ಮ್ಯಾನೇಜರ್ ಇದ್ದರೆ ಈ ಮೂರು ದರ್ಜೆಯ ಪಟ್ಟಿ ತೋರಿಸಿ.

ಕ್ಯೂ ಯಾವಾಗ ಬೇಡ? ಅದಕ್ಕೆ ಗುಣಾಕಾರ ಸಾಕು. ನಿಮ್ಮ ಟೆಸ್ಟ್‌ಗೆ ಅರ್ಧ ಗಂಟೆ ಬೇಕು, ಒಂದೊಂದೇ ಪಿಆರ್ ಹೋಗಬೇಕು ಅಂದರೆ ಎಂಟು ಗಂಟೆಯ ಕೆಲಸದ ದಿನಕ್ಕೆ ಹದಿನಾರೇ ಮರ್ಜ್. ಮೂವತ್ತು ಜನರ ಟೀಮಿಗೆ ಸಂಜೆ ಹೊತ್ತಿಗೆ ಸಿಲ್ಕ್ ಬೋರ್ಡ್ ಸಿಗ್ನಲ್ ಆಗಿಬಿಡುತ್ತದೆ. ಹಲವು ಪಿಆರ್ ಒಟ್ಟಿಗೆ ಓಡಿಸಬಹುದು ನಿಜ, ಆದರೆ ಸಾಲಿನ ಮಧ್ಯೆ ಒಂದು ಸೋತರೆ ಅದರ ಹಿಂದಿನವು ಮತ್ತೆ ಶುರುವಿನಿಂದ ಓಡಬೇಕು. ಸುಳ್ಳು ಕೆಂಪು ತೋರಿಸುವ ಟೆಸ್ಟ್‌ಗಳು ಜಾಸ್ತಿ ಇದ್ದರಂತೂ ಕ್ಯೂ ಹಾಕಲೇಬೇಡಿ, ಮೊದಲು ಅವನ್ನು ನೋಡಿಕೊಳ್ಳಿ.

ಸುಳ್ಳು ಕೆಂಪು

ಫ್ಲೇಕಿ ಟೆಸ್ಟ್ ಅನ್ನುವುದು ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್. ಸಾವಿರ ಟೆಸ್ಟ್ ಇವೆ, ಪ್ರತಿಯೊಂದೂ ಸಾವಿರಕ್ಕೆ ಒಂದೇ ಸಲ ಸುಳ್ಳು ಹೇಳುತ್ತದೆ ಅಂದುಕೊಳ್ಳಿ. ಏನೂ ತೊಂದರೆ ಇಲ್ಲ ಅನಿಸುತ್ತದೆ, ಆದರೆ ಲೆಕ್ಕ ಹಾಕಿದರೆ ಇಡೀ ಓಟ ಹಸಿರಾಗುವ ಸಾಧ್ಯತೆ ಬರೀ 37%. ನೂರರಲ್ಲಿ ಅರವತ್ತಮೂರು ಸಲ ನಿಮ್ಮ ತಪ್ಪಿಲ್ಲದೆ ಕೆಂಪು. ಗೂಗಲ್‌ನವರು 2016ರಲ್ಲಿ ಹೇಳಿದ ಪ್ರಕಾರ ಅವರ ಟೆಸ್ಟ್‌ಗಳಲ್ಲಿ ಸುಮಾರು 16% ಸ್ವಲ್ಪವಾದರೂ ಫ್ಲೇಕಿ, ಮತ್ತು ಪಾಸ್‌ನಿಂದ ಫೇಲ್‌ಗೆ ತಿರುಗಿದ ಘಟನೆಗಳಲ್ಲಿ ಸುಮಾರು 84% ಕಡೆ ಫ್ಲೇಕಿ ಟೆಸ್ಟ್‌ನ ಕೈ ಇತ್ತು. ತೋಳ ಬಂತು ತೋಳ ಅಂತ ದಿನಾ ಕೂಗಿದರೆ ಯಾರು ಓಡಿ ಬರುತ್ತಾರೆ?

ಇದಕ್ಕೆ ಮೂರು ಆಯ್ಕೆ ಇವೆ. ತಾನಾಗಿ ಮೂರು ಸಲ ಓಡಿಸಿ ಒಮ್ಮೆ ಪಾಸಾದರೆ ಸರಿ ಅನ್ನುವುದು ಒಂದು. ಸುಲಭ, ಆದರೆ ನಿಜವಾದ ರೇಸ್ ಕಂಡಿಷನ್ (ಎರಡು ಕೆಲಸಗಳ ಹಿಂದುಮುಂದಿನಿಂದ ಬರುವ ಬಗ್) ಕೂಡ ಇದರಡಿ ಅಡಗಿ ಕೂರುತ್ತದೆ, ನಮ್ಮಲ್ಲಿ ಹಾಗೆ ಅಡಗಿದ್ದ ಒಂದು ಬಗ್ ಆಮೇಲೆ ಗ್ರಾಹಕರ ಕಡೆಯಿಂದಲೇ ಹೊರಬಂತು. ಟೆಸ್ಟ್ ಅಳಿಸಿಹಾಕುವುದು ಎರಡನೆಯದು, ಅದು ನೆಗಡಿಗೆ ಮೂಗು ಕೊಯ್ದ ಹಾಗೆ. ನಾನು ಆರಿಸುವುದು ಮೂರನೆಯದನ್ನು: ಅಂಥ ಟೆಸ್ಟನ್ನು ಬೇರೆ ಜಾಬ್‌ಗೆ ಹಾಕಿ, ಅದು ಓಡಲಿ, ಫಲಿತಾಂಶ ಕಾಣಲಿ, ಆದರೆ ಮರ್ಜ್ ತಡೆಯದಿರಲಿ. ಪ್ರತಿ ಟೆಸ್ಟ್‌ಗೆ ಒಬ್ಬರ ಹೆಸರು, ಒಂದು ಗಡುವು. ಗಡುವು ಮೀರಿದರೆ ಆಗ ಅಳಿಸಿ, ಎರಡು ತಿಂಗಳು ಯಾರಿಗೂ ಬೇಡವಾದ ಟೆಸ್ಟ್ ಇನ್ನು ಮುಂದೆಯೂ ಬೇಡ.

ಲೆಕ್ಕಕ್ಕೆ ಸಿಗದ ಎರಡು ಚೆಕ್

ಮೇಲಿನ ನಿಮಿಷದ ಲೆಕ್ಕ ಎರಡು ಕಡೆ ಕೈಕೊಡುತ್ತದೆ.

ಒಂದು, ಕೋಡಿನಲ್ಲಿ ಉಳಿದುಹೋದ ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಬೇಕಾದ ಗುಟ್ಟಿನ ಕೀ) ಹುಡುಕುವ ಚೆಕ್. ಇದು ವರ್ಷಕ್ಕೆ ಒಂದು ಸಲ ಹಿಡಿಯಬಹುದು, ಲೆಕ್ಕದ ಪ್ರಕಾರ ಕೊನೆಗೆ ಹೋಗಬೇಕು. ಆದರೆ ಸಾರ್ವಜನಿಕ ರೆಪೊಗೆ ಕೀ ಪುಶ್ ಆದ ಮೇಲೆ ಸಿಐ ಎಚ್ಚರಿಸಿದರೆ ಅದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಸ್ಟರಿಯಲ್ಲಿ ಉಳಿದಿರುತ್ತದೆ, ಕೀಯನ್ನೇ ರದ್ದು ಮಾಡಬೇಕು. ಆದ್ದರಿಂದ ಇದು ಸಿಐಗಿಂತ ಮೊದಲೇ ಇರಬೇಕು: ಲ್ಯಾಪ್‌ಟಾಪ್‌ನಲ್ಲಿ ಗಿಟ್‌ಲೀಕ್ಸ್ ಥರದ ಹುಕ್ (ಕಮಿಟ್ ಮಾಡುವ ಮೊದಲು ತಾನಾಗಿ ಓಡುವ ಚೆಕ್), ಮತ್ತು ಹುಕ್ ದಾಟಿ ಹೋಗುವವರು ಇದ್ದೇ ಇರುವುದರಿಂದ ಸರ್ವರ್ ಕಡೆಯಲ್ಲೂ ತಡೆ. ಗಿಟ್‌ಹಬ್ 2024ರಿಂದ ಸಾರ್ವಜನಿಕ ರೆಪೊಗಳಿಗೆ ಪುಶ್ ಪ್ರೊಟೆಕ್ಷನ್ ಅನ್ನು ತಾನೇ ಆನ್ ಮಾಡುತ್ತದೆ.

ಎರಡು, ಲೈಬ್ರರಿಗಳಲ್ಲಿ ಭದ್ರತಾ ದೋಷ ಹುಡುಕುವ ಸ್ಕ್ಯಾನ್. 2021ರ ಡಿಸೆಂಬರ್‌ನಲ್ಲಿ ಜಾವಾ ಲೈಬ್ರರಿ ಲಾಗ್‌ಫೋರ್‌ಜೆಯ ದೋಷ ಹೊರಬಿದ್ದಾಗ ಅದಕ್ಕೆ ಹತ್ತಕ್ಕೆ ಹತ್ತು ತೀವ್ರತೆ ಕೊಟ್ಟಿದ್ದರು, ಗಂಭೀರ ವಿಷಯವೇ. ಆದರೆ ಆ ದೋಷ ನಿಮ್ಮ ಇವತ್ತಿನ ಪಿಆರ್‌ನಿಂದ ಬಂದದ್ದಲ್ಲ, ವರ್ಷಗಳಿಂದ ಒಳಗೇ ಇತ್ತು. ಈ ಸ್ಕ್ಯಾನನ್ನು ಎಲ್ಲ ಪಿಆರ್‌ಗೂ ಕಡ್ಡಾಯ ಮಾಡಿದರೆ, ಬಟನ್ನಿನ ಬಣ್ಣ ಬದಲಾಯಿಸಿದವರ ಪಿಆರ್ ನಿಲ್ಲುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲೈಬ್ರರಿ ಪಟ್ಟಿಯ ಲಾಕ್ ಫೈಲ್ ಬದಲಾದ ಪಿಆರ್‌ಗೆ ಮಾತ್ರ ಕಡ್ಡಾಯ ಮಾಡಿ, ಉಳಿದಂತೆ ಮೇನ್ ಮೇಲೆ ದಿನಾ ಓಡಿಸಿ ಟೀಮಿಗೆ ಎಚ್ಚರಿಕೆ ಕಳಿಸಿ.

ಡೇಟಾಬೇಸ್ ಮೈಗ್ರೇಷನ್ ಚೆಕ್ಕೂ ಮೊದಲನೆಯ ಜಾತಿಯದೇ, ಅಳಿಸಿದ ಕಾಲಂ ರೀ-ರನ್ ಒತ್ತಿದರೆ ವಾಪಸ್ ಬರುವುದಿಲ್ಲ.

ಹಾಗಾದರೆ ಯಾವುದು?

ಹತ್ತು ನಿಮಿಷದೊಳಗೆ ಮುಗಿಯುತ್ತದೆ ಅಂದರೆ ದಾರಿ ಒಂದು, ಬೇರೆ ಯೋಚನೆ ಬೇಡ. ಹತ್ತರಿಂದ ನಲವತ್ತು ನಿಮಿಷ, ಹತ್ತಿಪ್ಪತ್ತು ಜನ ಅಂದರೆ ದಾರಿ ಎರಡು, ಬ್ರೌಸರ್ ಟೆಸ್ಟ್‌ಗಳಲ್ಲಿ ಲಾಗಿನ್, ಪಾವತಿ ಥರದ ನಾಲ್ಕೈದನ್ನು ಮಾತ್ರ ಪಿಆರ್‌ಗೆ ಉಳಿಸಿ ಉಳಿದದ್ದು ಮರ್ಜ್ ಆದ ಮೇಲೆ. ಒಂದೇ ರೆಪೊದಲ್ಲಿ ಹತ್ತಾರು ಸರ್ವೀಸ್ ಇದ್ದರೆ ದಾರಿ ಮೂರು. ಎರಡು ಹಸಿರು ಪಿಆರ್ ಸೇರಿ ಮೇನ್ ಕೆಡುವುದು ವಾರಕ್ಕೊಮ್ಮೆ ಆಗುತ್ತಿದ್ದರೆ ಆಗ ದಾರಿ ನಾಲ್ಕು, ಅಲ್ಲಿಯವರೆಗೆ ಬೇಡ. ಎರಡನ್ನೂ ಮೂರನ್ನೂ ಸೇರಿಸಿಕೊಂಡವರೇ ನನಗೆ ಗೊತ್ತಿರುವವರಲ್ಲಿ ಜಾಸ್ತಿ.

ರಾತ್ರಿಗೆ ತಳ್ಳಿದ ಚೆಕ್‌ಗಳ ಬಗ್ಗೆ ಒಂದು ಮಾತು ಉಳಿದಿದೆ. ರಾತ್ರಿ ಓಟ ಕೆಂಪಾದರೆ ಬೆಳಗ್ಗೆ ಅದನ್ನು ನೋಡುವವರು ಯಾರು ಅಂತ ಹೆಸರು ಹಿಡಿದು ಹೇಳಲು ಆಗದಿದ್ದರೆ ತಳ್ಳಲೇಬೇಡಿ. ನಮ್ಮಲ್ಲಿ ವಾರದ ಸರದಿ ಇದೆ, ಸರದಿಯವರ ಹೆಸರು ಚಾಟ್ ಗ್ರೂಪಿನ ಮೇಲ್ಗಡೆ ಪಿನ್ ಆಗಿರುತ್ತದೆ, ಕೆಂಪು ಬಿದ್ದ ದಿನ ಅವರು ಊಟದ ತನಕ ಹೊಸ ಟಿಕೆಟ್ ಮುಟ್ಟುವಂತಿಲ್ಲ. ಈ ವಾರ ನನ್ನದು.